ನೂರ ಹದಿನೆಂಟನೇ ಚೀಟಿ

ಸೂಲಗಿತ್ತಿ ಎರ್ಡ್ಮುಟೆ ಪಾಗೆಲ್ ನಮ್ಮ ಕೆಲ್ಶೈಡಿನಲ್ಲಿ ಇದ್ದದ್ದು ಒಟ್ಟು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಹನ್ನೊಂದು ಹೆರಿಗೆ ಮಾಡಿಸಿದಳು. ಒಂದು ಕೂಸು ಸಾಯಲಿಲ್ಲ, ಒಬ್ಬ ಬಾಣಂತಿ ಸಾಯಲಿಲ್ಲ. ಈ ಊರಿನಲ್ಲಿ ಇವತ್ತು ಯಾರನ್ನಾದರೂ ಕೇಳಿ ನೋಡಿ, ಇದನ್ನು ಯಾರೂ ಹೇಳುವುದಿಲ್ಲ. "ಓ, ಆ ಕೆಂಪು ಮತ ಹಾಕಿದ ಹೆಂಗಸಾ?" ಅನ್ನುತ್ತಾರೆ. ಹಾಗಾಗಿ ನಾನೇ ಹೇಳಬೇಕು. ನಾನು ಅಪೊಲೋನಿಯಾ ಥೀಲೆನ್, ಊರಿನ ಬಾಯಲ್ಲಿ ಪ್ಲೋನಿ. ಈ ಊರಿಗಿರುವ ಒಂದೇ ಪಡಖಾನೆ ನಮ್ಮದು. ಅವಳು ಬಾಡಿಗೆಗೆ ಇದ್ದದ್ದು ನಮ್ಮ ಅಟ್ಟದ ಕೋಣೆಯಲ್ಲಿ. ಆ ಕೆಂಪು ಮತ ಹಾಕಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿ ನಿಮ್ಮಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಜರ್ಮನಿ ಯುದ್ಧ ಸೋತ ಮೇಲೆ ಪೂರ್ವದ ಕಡೆಯಿಂದ ಓಡಿಬಂದವರನ್ನು ಸರ್ಕಾರ ಊರೂರಿಗೆ ಹಂಚುತ್ತಿತ್ತಲ್ಲ, ಐವತ್ತರ ಮಾರ್ಚಿಯಲ್ಲಿ ನಮ್ಮ ಪಾಲಿಗೆ ಇವಳು ಬಂದಳು. ಪೊಮೆರೇನಿಯಾದವಳು. ನಲವತ್ತು ದಾಟಿದ ಎತ್ತರದ ಹೆಂಗಸು, ಗಂಡ ಯುದ್ಧದಲ್ಲಿ ಹೋಗಿದ್ದ. ಕೈಯಲ್ಲಿ ಒಂದು ಚರ್ಮದ ಚೀಲ, ಅದರ ಒಳಗೆ ಹೆರಿಗೆಯ ಸಾಮಾನು. ಅದನ್ನು ಬಿಟ್ಟರೆ ಎರಡು ಲಂಗ. ಜೊತೆಗೆ ಪ್ರಾಟೆಸ್ಟೆಂಟ್ ಬೇರೆ. ನಮ್ಮದು ಹುಟ್ಟಾ ಕ್ಯಾಥೊಲಿಕ್ ಊರು. "ಮಾತೆ ಮರಿಯಳ ಮುಂದೆ ಶಿಲುಬೆ ಗುರುತು ಹಾಕದ ಕೈಗೆ ನಮ್ಮ ಕೂಸಾ?" ಎಂದು ಹೆಂಗಸರು ಮುಖ ತಿರುಗಿಸಿದರು. ಆದರೆ ನಮ್ಮ ಹಳೆಯ ಸೂಲಗಿತ್ತಿ ಬೆರ್ಬಜ್ಜಿಗೆ ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು, ಹಗಲಲ್ಲೇ ಸಾರಾಯಿ ವಾಸನೆ ಬೇರೆ. ಹೊಟ್ಟೆ ಮುಂದೆ ಬಂದವಳು ಮತ ಪಂಥ ನೋಡುತ್ತ ಕೂರುವುದಕ್ಕೆ ಆಗುತ್ತದೆಯೇ? ಒಬ್ಬೊಬ್ಬಳಾಗಿ ಎಲ್ಲರೂ ಪಾಗೆಲಮ್ಮನನ್ನೇ ಕರೆದರು.

ಅವಳಿಗೆ ಒಂದು ಅಭ್ಯಾಸವಿತ್ತು. ಕೂಸು ಅತ್ತ ಕೂಡಲೇ ಗಡಿಯಾರ ನೋಡಿ, ಚೀಲದ ಪಕ್ಕದ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು, ತುದಿಯನ್ನು ನೆಕ್ಕಿ, ಚೀಟಿಯಲ್ಲಿ ಹುಟ್ಟಿದ ಹೊತ್ತು ಬರೆದು ತೊಟ್ಟಿಲಿಗೆ ಕಟ್ಟುತ್ತಿದ್ದಳು. ಅದು ಒದ್ದೆ ಮಾಡಿದರೆ ನೇರಳೆ ಬಣ್ಣದಲ್ಲಿ ಬರೆಯುವ ಪೆನ್ಸಿಲ್, ಅಂಚೆಯವರ ಹತ್ತಿರ ಇರುತ್ತದಲ್ಲ, ಅಂಥದ್ದು. ಯಾವಾಗ ನೋಡಿದರೂ ಅವಳ ಕೆಳತುಟಿಯ ಮೇಲೆ ನೇರಳೆ ಮಚ್ಚೆ. "ನೇರಳೆತುಟಿ ಬಂದ್ಲು" ಎಂದೇ ಊರಲ್ಲಿ ಹೇಳುತ್ತಿದ್ದರು. ನನ್ನ ಮೂರನೆಯವಳು ಲೀಸೆಲ್ ಕಾಲು ಮುಂದಾಗಿ ಬಂದಾಗ ಒಂದೂವರೆ ದಿನ ನನ್ನ ಪಕ್ಕದಿಂದ ಏಳಲಿಲ್ಲ ಈ ಹೆಂಗಸು. ಮೊಣಕೈವರೆಗೆ ರಕ್ತ. "ಕೂಗು ಪ್ಲೋನಿ, ಚೆನ್ನಾಗಿ ಕೂಗು, ನಿನ್ನ ಗಂಡನಿಗೂ ಕೇಳಿಸ್ಲಿ" ಎಂದು ನಗಿಸಿದಳು. ಲೀಸೆಲ್ ಬದುಕಿದಳು, ನಾನೂ ಬದುಕಿದೆ. ತೊಟ್ಟಿಲಿಗೆ ಕಟ್ಟಿದ ಚೀಟಿ ಇನ್ನೂ ನನ್ನ ಹತ್ತಿರ ಇದೆ: ನಾಲ್ಕು ಗಂಟೆ ಹನ್ನೆರಡು ನಿಮಿಷ.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು. ಹದಿಮೂರು ವರ್ಷದ ಮಗಳು ಗುಡ್ರುನ್, ಉತ್ತರದ ಸಮುದ್ರದ ದಂಡೆಯಲ್ಲಿ ನಿರಾಶ್ರಿತರ ಶಿಬಿರದಲ್ಲಿ ಯಾರೋ ದೂರದ ನೆಂಟರ ಜೊತೆ ಇದ್ದಳು. ಎದೆ ಅಷ್ಟು ಗಟ್ಟಿಯಲ್ಲ, ಚಳಿಗಾಲ ಪೂರ್ತಿ ಕೆಮ್ಮು. ನಮ್ಮ ಊರಿನ ಪಂಚಾಯಿತಿ "ಇವಳು ನಮ್ಮ ಖಾಯಂ ಸೂಲಗಿತ್ತಿ, ಇವಳಿಗೆ ಮನೆ ಕೊಡುತ್ತೇವೆ" ಎಂದು ಒಂದು ಸಹಿ ಹಾಕಿದರೆ ಮಗಳನ್ನು ಕರೆಸಿಕೊಳ್ಳಬಹುದಿತ್ತು. ಊರ ಯಜಮಾನ ವೈನಂಡ್ ತಿಂಗಳುಗಟ್ಟಲೆ ಸತಾಯಿಸಿ ಕೊನೆಗೆ, "ಚುನಾವಣೆ ಮುಗೀಲಿ ಪಾಗೆಲಮ್ಮಾ, ಆಮೇಲಿನ ಮಂಗಳವಾರ ಸಹಿ ಹಾಕ್ತೀವಿ" ಎಂದು ಮಾತು ಕೊಟ್ಟಿದ್ದ. ಅವತ್ತಿನಿಂದ ಅವಳು ಅಟ್ಟದ ಕೋಣೆಯಲ್ಲಿ ಹಳೆಯ ಸ್ವೆಟರು ಬಿಚ್ಚಿ ಮಗಳಿಗೆ ಹೊಸದು ಹೆಣೆಯುತ್ತ ಕೂತಿರುತ್ತಿದ್ದಳು.

ಚುನಾವಣೆ ಅಂದರೆ ನಮ್ಮ ಪ್ರಾಂತ್ಯದ ಶಾಸನಸಭೆಯದ್ದು, ಐವತ್ತೊಂದರ ಏಪ್ರಿಲ್ ಕೊನೆಯ ಭಾನುವಾರ. ನಮ್ಮ ಊರಿಗೆ ಅದು ಜಂಬದ ವಿಷಯ. ನಲವತ್ತೇಳರ ಮೊದಲ ಚುನಾವಣೆಯಲ್ಲಿ ನಮ್ಮಲ್ಲಿ ಬಿದ್ದ ನೂರ ಒಂಬತ್ತು ಮತವೂ ಕರಿಯರಿಗೇ ಬಿದ್ದಿತ್ತು. ಕರಿಯರು ಅಂದರೆ ಪಾದ್ರಿಗಳ ಪಕ್ಷ, ನಮ್ಮ ಪಕ್ಷ. ಕೆಂಪರಿಗೆ, ಅಂದರೆ ಕಾರ್ಮಿಕರ ಪಕ್ಷದವರಿಗೆ, ಒಂದೂ ಇಲ್ಲ. ಜಿಲ್ಲೆಯ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ನನ್ನ ಗಂಡ ಮಾಥೆಸ್ ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿ ಪಡಖಾನೆಯಲ್ಲಿ ನೇತುಹಾಕಿದ. ಊರಿನಲ್ಲಿ ಚರ್ಚಿಗೆ ಗಂಟೆ ಇಲ್ಲ, ಹಿಟ್ಲರನ ಕಾಲದಲ್ಲಿ ಕರಗಿಸಿ ಗುಂಡು ಮಾಡಿದ್ದರು. ಅರ್ಧ ಊರಿನ ಮಾಡಿಗೆ ಹೆಂಚಿಲ್ಲ. ಆದರೆ ಜಂಬ ನೋಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೇ ಬೇಕು. ಈ ಸಲವೂ ಹಾಗೇ ಆಗಬೇಕು ಎಂದು ಮೊದಲೇ ಬಿಯರ್ ಪೀಪಾಯಿ ತರಿಸಿದ್ದರು, ಬಾಗಿಲಿಗೆ ಹಾರ ಕಟ್ಟಿದ್ದರು, ಚೌಕಟ್ಟಿನ ಪಕ್ಕದಲ್ಲಿ ಮಾಥೆಸ್ ಇನ್ನೊಂದು ಮೊಳೆಯನ್ನೂ ಹೊಡೆದಿದ್ದ.

ಮತಗಟ್ಟೆ ನಮ್ಮ ಪಡಖಾನೆಯ ಹಜಾರದಲ್ಲೇ. ಎರಡು ಬೀರುಗಳ ನಡುವೆ ನನ್ನ ಅಡುಗೆಮನೆಯ ಪರದೆ ಕಟ್ಟಿ ಮರೆ ಮಾಡಿದ್ದರು. ಒಳಗೆ ಒಂದು ಮೇಜು, ಮೇಜಿಗೆ ದಾರದಲ್ಲಿ ಕಟ್ಟಿದ ಒಂದು ಮಾಮೂಲಿ ಸೀಸದ ಪೆನ್ಸಿಲ್. ಝೆಂಡರ್ ಮೇಷ್ಟ್ರು ಪಟ್ಟಿ ಹಿಡಿದು ಕೂತಿದ್ದರು. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದಾಗ ಮೇಷ್ಟ್ರು ಮೊದಲು ತಾವು ಹಾಕಿದರು, ಎರಡನೆಯವಳು ಪಾಗೆಲ್. ಕೂದಲು ಬಾಚಿ, ಬಿಳಿಯ ಕಾಲರು ಚುಚ್ಚಿಕೊಂಡು ಬಂದಿದ್ದಳು. ಹಾಕಿದವಳೇ ಚೀಲ ಹಿಡಿದು ಮೇಲಿನ ಗಿರಣಿಯ ಸೊಸೆಯನ್ನು ನೋಡಲು ಹೋದಳು. ಉಳಿದವರೆಲ್ಲ ಪೂಜೆ ಮುಗಿಸಿ ಪಾದ್ರಿಗಳ ಹಿಂದೆ ಸಾಲಾಗಿ ಬಂದರು.

ಮಧ್ಯಾಹ್ನ ನಾನು ಊರ ಯಜಮಾನರಿಗೂ ಎಣಿಕೆಯವರಿಗೂ ಆಲೂಗಡ್ಡೆ ತುರಿದು ಹಂದಿಮಾಂಸ ಹಾಕಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದನ್ನು ಬಡಿಸಿದೆ. ತಳ ಸ್ವಲ್ಪ ಸೀದಿತ್ತು. ಮೂರು ಮಕ್ಕಳು, ಒಂದು ಒಲೆ, ಹೊರಗೆ ನೂರು ಜನ, ಸೀಯದೆ ಏನಾಗುತ್ತದೆ? ಮಾಥೆಸ್ ತಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ಇದೇನೇ ಪ್ಲೋನಿ, ಆಲೂಗಡ್ಡೆಯೋ ಇದ್ದಿಲೋ? ನೋಡ್ರೀ ಯಜಮಾನ್ರೇ, ಇವಳಿಗೂ ಸರ್ಕಾರ ಒಂದು ಮತ ಕೊಟ್ಟಿದೆ. ಒಲೆ ನೋಡ್ಕೊಳ್ಳೋಕೆ ಬರಲ್ಲ, ನಾಡು ನೋಡ್ಕೋತಾಳಂತೆ!"

ಎಲ್ಲರೂ ನಕ್ಕರು. ಅವನಿಗೆ ಅಷ್ಟು ಸಾಲಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗಿದ್ದ ಮಾದರಿ ಚೀಟಿಯನ್ನು ಮೇಜಿನ ಮೇಲೆ ಹರಡಿ, ನನ್ನ ತೋರುಬೆರಳನ್ನು ಹಿಡಿದು ಕರಿಯರ ಹೆಸರಿನ ಪಕ್ಕದ ವೃತ್ತದ ಮೇಲೆ ಒತ್ತಿದ. "ಇಲ್ಲಿ. ಕತ್ತೆಗೂ ಗೊತ್ತಾಗತ್ತೆ. ಎಲ್ಲಿ, ಹೇಳು?"

"ಇಲ್ಲಿ."

"ಕೇಳಿಸ್ಲಿಲ್ಲ. ಯಜಮಾನರಿಗೆ ಕೇಳೋ ಹಾಗೆ ಹೇಳು."

ಮೂರು ಸಲ ಹೇಳಿಸಿದ. ಮೂರನೆಯ ಸಲಕ್ಕೆ ವೈನಂಡ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ನನ್ನ ಇಬ್ಬರು ಗಂಡುಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದೊಡ್ಡವನೂ ನಕ್ಕ.

ಅಷ್ಟರಲ್ಲಿ ಮರೆಯಿಂದ ಬಂದ ಮುದುಕನೊಬ್ಬ, "ಪೆನ್ಸಿಲ್ ಮುರಿದುಹೋಯ್ತು ಕಣ್ರೀ ಮೇಷ್ಟ್ರೇ" ಎಂದ. ಈಟಿ ತಿವಿದ ಹಾಗೆ ತಿವಿದಿದ್ದನಂತೆ. ಮೇಷ್ಟ್ರು ಬೇರೆ ಪೆನ್ಸಿಲ್ ತರಲು ಶಾಲೆಗೆ ಹೊರಟರು. ಮಾಥೆಸ್ ನನಗೆ, "ನಿಂತ್ಕೊಂಡೇನು ನೋಡ್ತಿದ್ದೀಯಾ? ಬೇಗ ಹಾಕಿ ಬಂದು ಕಾಫಿ ತಾ" ಎಂದ. ನಾನು ಅಡುಗೆಮನೆಗೆ ಹೋದೆ. ಗಿರಣಿಯಿಂದ ವಾಪಸು ಬಂದಿದ್ದ ಪಾಗೆಲ್ ಒಲೆಯ ಪಕ್ಕ ಕಾಲು ಕಾಯಿಸುತ್ತ ಮಗಳಿಗೆ ಕಾಗದ ಬರೆಯುತ್ತಿದ್ದಳು.

"ಪಾಗೆಲಮ್ಮಾ, ಎರಡು ನಿಮಿಷ ನಿಮ್ಮ ಪೆನ್ಸಿಲ್ ಕೊಡಿ. ಅಲ್ಲಿಂದು ಮುರಿದಿದೆ."

"ತಗೋ ತಾಯಿ. ಇನ್ನೂ ಕಾಗದ ಮುಗಿದಿಲ್ಲ, ಮರೀಬೇಡ."

ಪರದೆಯ ಹಿಂದೆ ನಿಂತೆ. ನನ್ನ ಬೆರಳು ಇನ್ನೂ ನೋಯುತ್ತಿತ್ತು. ಕೆಂಪರು ಏನು ಹೇಳುತ್ತಾರೆ, ಕರಿಯರು ಏನು ಹೇಳುತ್ತಾರೆ, ನನಗೆ ಒಂದೂ ಗೊತ್ತಿರಲಿಲ್ಲ. ಮಾಥೆಸನಿಗೆ ಯಾವುದು ಕಂಡರೆ ಮೈಯುರಿಯುತ್ತದೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕೆಂಪರ ವೃತ್ತದಲ್ಲಿ ಎರಡು ಗೀಟು ಎಳೆದೆ. ಎಳೆಯುವ ಮೊದಲು ಪೆನ್ಸಿಲ್ ನೆಕ್ಕಿದೆ. ನಮ್ಮ ಊರಲ್ಲಿ ಯಾವ ಪೆನ್ಸಿಲ್ ಹಿಡಿದರೂ ಮೊದಲು ನೆಕ್ಕುವುದೇ. ಶಾಲೆಯಲ್ಲಿ ಕಲಿತ ಮೊದಲ ವಿದ್ಯೆ ಅದು. ನೆಕ್ಕದಿದ್ದರೆ ಅದೂ ಬೂದುಬಣ್ಣಕ್ಕೇ ಬರೆಯುತ್ತಿತ್ತು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮಡಿಸಿ ಪೆಟ್ಟಿಗೆಗೆ ಹಾಕಿದೆ. ಪೆನ್ಸಿಲ್ ವಾಪಸು ಕೊಟ್ಟೆ, ಕಾಫಿ ಕೊಟ್ಟೆ. ಪಾತ್ರೆಯ ತಳದಲ್ಲಿ ಮುಖ ನೋಡಿಕೊಂಡರೆ ನನ್ನ ತುಟಿ, ನಾಲಿಗೆ ಎಲ್ಲ ನೇರಳೆ. ಉಪ್ಪು, ವಿನೆಗರ್ ಹಾಕಿ ನಾಲಿಗೆ ಉರಿಯುವವರೆಗೆ ಉಜ್ಜಿದೆ.

ಸಂಜೆ ಆರಕ್ಕೆ ಎಣಿಕೆ. ಹೊರಗೆ ವಾದ್ಯದವರು ತುತ್ತೂರಿ ಒರೆಸಿಕೊಂಡು ನಿಂತಿದ್ದರು. ವೈನಂಡ್ ಒಂದೊಂದೇ ಚೀಟಿ ಬಿಡಿಸಿ "ನಮ್ಮದು, ನಮ್ಮದು, ನಮ್ಮದು" ಎಂದು ಹಾಡಿದ ಹಾಗೆ ಓದುತ್ತಿದ್ದ. ನೂರು ದಾಟಿತು. ಜನ ಕಿಟಕಿಯಲ್ಲಿ ತಲೆ ತೂರಿಸಿದರು. ನೂರ ಹದಿನೇಳು ಆಯಿತು. ನೂರ ಹದಿನೆಂಟನೆಯದನ್ನು ಬಿಡಿಸಿದವನು ಓದದೆ ಮೇಜಿನ ಮೇಲೆ ಇಟ್ಟುಬಿಟ್ಟ. ಮಾಥೆಸ್ ಬಗ್ಗಿ ನೋಡಿದ. ಕೆಂಪರ ವೃತ್ತದಲ್ಲಿ, ನೇರಳೆ ಬಣ್ಣದಲ್ಲಿ, ಎರಡು ದಪ್ಪ ಗೀಟು.

"ಒಲೆಗೆ ಹಾಕಿ" ಎಂದ ಮಾಥೆಸ್.

"ಪಟ್ಟಿಯಲ್ಲಿ ನೂರ ಹದಿನೆಂಟು ಗುರುತಿದೆ" ಎಂದರು ಮೇಷ್ಟ್ರು ಮೆಲ್ಲಗೆ. "ಒಂದು ಕಡಿಮೆ ಆದ್ರೆ ಜಿಲ್ಲೆಯವರು ಬಂದು ಕೂರ್ತಾರೆ."

"ಹಾಗಾದ್ರೆ ಇದು ಯಾರದ್ದು ಅಂತ ಯಾರಾದ್ರೂ ಹೇಳ್ಬೇಕಾ?" ವೈನಂಡನ ಮುಖ ಕೆಂಪಗಾಗಿತ್ತು. "ನೇರಳೆ! ಈ ಊರಲ್ಲಿ ನೇರಳೆಯಲ್ಲಿ ಬರೆಯೋರು ಎಷ್ಟು ಜನ ಇದ್ದಾರೆ? ಕರೆದು ಅನ್ನ ಹಾಕಿದ್ದಕ್ಕೆ ಒಳ್ಳೆ ಮರ್ಯಾದೆ ಮಾಡಿದ್ಲು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಹೆದರುಪುಕ್ಕ ಮನುಷ್ಯ. ಹಳೆಯ ಕಾಲದಲ್ಲಿ ಹಿಟ್ಲರನ ಪಕ್ಷದ ಸದಸ್ಯತ್ವದ ಚೀಟಿ ಇಟ್ಟುಕೊಂಡಿದ್ದರು, ಈಗ ವೈನಂಡನ ದಯೆಯಿಂದ ಕೆಲಸ ಉಳಿದಿತ್ತು. ಆದರೂ ಹೇಳಿದರು: "ಪಾಗೆಲಮ್ಮ ಹಾಕಿದ್ದು ಬೆಳಿಗ್ಗೆ ಎಂಟಕ್ಕೆ. ನಾನು ಹಾಕಿ ಹೊರಗೆ ಬಂದೆ, ಅವರು ಒಳಗೆ ಹೋದ್ರು. ಆಗ ಪೆನ್ಸಿಲ್ ಸರಿಯಾಗೇ ಇತ್ತು. ಮುರಿದಿದ್ದು ಮಧ್ಯಾಹ್ನ. ಆ ಹೊತ್ತಲ್ಲಿ ಯಾರು ಹಾಕಿದ್ರೋ..."

ನಾನು ಬಾಗಿಲಲ್ಲಿ ಸಾಸೇಜಿನ ತಟ್ಟೆ ಹಿಡಿದು ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಕೈ ತಾನಾಗಿ ತುಟಿಗೆ ಹೋಯಿತು. ಹೋದ ಕೈಯನ್ನು ಹಾಗೇ ಉಪಯೋಗಿಸಿಕೊಂಡೆ. ತುಟಿ ತೋರಿಸಿ ಹೇಳಿದೆ:

"ಅವಳು ತನ್ನ ಪೆನ್ಸಿಲಲ್ಲೇ ಹಾಕಿದ್ದು ಮೇಷ್ಟ್ರೇ. ಬೆಳಿಗ್ಗೆ ಇಲ್ಲೇ ಒರೆಸ್ತಾ ಇದ್ದೆ ನಾನು. ಅದನ್ನ ನೆಕ್ಕೊಂಡೇ ಒಳಗೆ ಹೋದ್ಲು. ಈ ಕಣ್ಣಾರೆ ನೋಡಿದೀನಿ."

ಮೇಷ್ಟ್ರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಪಟ್ಟಿ ಮಡಿಸಿದರು. ವಾದ್ಯದವರು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಅವಳ ಬಾಗಿಲಿಗೆ ಯಾರೋ ಕೆಂಪು ಬಟ್ಟೆಯ ಚೂರಿಟ್ಟು ಮೊಳೆ ಹೊಡೆದಿದ್ದರು. ಹಾಲಿನವಳು ಪಾತ್ರೆ ಕಂಡೂ ಕಾಣದವಳ ಹಾಗೆ ಹೋದಳು. ಪಕ್ಕದ ಊರಿನವರು ಬೇಲಿಯಾಚೆಯಿಂದ "ಏನ್ರಪ್ಪಾ, ನಿಮ್ಮೂರಲ್ಲಿ ಕ್ರಾಂತಿ ಆಯ್ತಂತೆ!" ಎಂದು ಆಡಿಕೊಂಡರು, ಅದರ ಉರಿಯೆಲ್ಲ ಪಾಗೆಲ್ ತಲೆಗೆ ಬಂತು. ಅವಳು ನೇರವಾಗಿ ನನ್ನ ಅಡುಗೆಮನೆಗೆ ಬಂದಳು. ನಾನು ಲೀಸೆಲಿಗೆ ಹಾಲು ಕುಡಿಸುತ್ತಿದ್ದೆ. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ ಮಾತಾಡಿದಳು.

"ಪ್ಲೋನಿ, ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಹೆರಿಗೆ ಕೋಣೇಲಿ ಕಂಡಿದ್ದನ್ನ ಹೊರಗೆ ಆಡಿದವಳಲ್ಲ ನಾನು. ಪರದೆ ಹಿಂದೆ ನೀನು ಮಾಡಿದ್ದೂ ನಿಂದೇ. ಆದ್ರೆ ಒಂದು ಮಾತು ಹೇಳಿಬಿಡು. ನಾನು ಬೆಳಿಗ್ಗೆ ದಾರಕ್ಕೆ ಕಟ್ಟಿದ ಪೆನ್ಸಿಲಲ್ಲೇ ಹಾಕಿದೆ ಅಂತ, ಅಷ್ಟೇ. ತಪ್ಪು ನೋಡಿದ್ದೆ ಅನ್ನು. ನಿನ್ನ ಹೆಸರು ಬರಲ್ಲ. ನಾಳೆ ಮಂಗಳವಾರ. ನನ್ನ ಗುಡ್ರುನ್..."

ಅವಳು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಗುಟ್ಟನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದು ನೋಡಿ ನನಗೆ ಅವಳ ಮೇಲೆ ಎಲ್ಲಿಲ್ಲದ ದ್ವೇಷ ಬಂತು. ಇವತ್ತು ಹೇಳದವಳು ನಾಳೆ ಹೇಳಿದರೆ? ಮಾಥೆಸ್ ನನ್ನ ಮೂಳೆ ಮುರಿಯುತ್ತಿದ್ದ, ಅದು ಬಿಡಿ. ಊರಿನ ನಗು ಇನ್ನೊಂದು ಸಲ ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

"ಯಾವ ಪೆನ್ಸಿಲ್?" ಎಂದೆ.

ಅವಳು ಬಗ್ಗಿ ಲೀಸೆಲಿನ ಜಾರಿದ ಕಾಲುಚೀಲವನ್ನು ಮೇಲಕ್ಕೆ ಎಳೆದು ಹೋದಳು.

ಮಂಗಳವಾರ ಪಂಚಾಯಿತಿ ಸಹಿ ಹಾಕಲಿಲ್ಲ. ಸೂಲಗಿತ್ತಿ ಬೇಡ, ಬೆರ್ಬಜ್ಜಿಯೇ ಸಾಕು ಎಂದು ಬರೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು. ಎತ್ತು ನಾನು, ಬರೆ ಕಾಯಿಸಿಕೊಟ್ಟವಳೂ ನಾನೇ. ಬುಧವಾರ ನಾನು ಮೇಲೆ ಹೋಗಿ ಅವಳ ಕೋಣೆಯ ಒಲೆಯ ಹೊಗೆಕೊಳವೆಯನ್ನು ಬಿಚ್ಚಿಕೊಂಡು ಬಂದೆ, ಕೆಳಗೆ ಬೇಕು ಎಂದೆ. ಕೆಳಗೆ ಏನೂ ಬೇಕಿರಲಿಲ್ಲ. ನಮ್ಮ ಬೆಟ್ಟದಲ್ಲಿ ಮೇ ತಿಂಗಳಲ್ಲೂ ಮುಂಜಾನೆ ಹಿಮ ಬೀಳುತ್ತದೆ. ಬೇರೆಯವರು ಗೊಣಗಿ ಸುಮ್ಮನಾಗುವ ಹೊತ್ತಿಗೆ ನಾನು ಇನ್ನೊಂದು ಕಡ್ಡಿ ಗೀರುತ್ತಿದ್ದೆ. "ಬಾಣಂತಿ ಕೋಣೇಲಿ ಪ್ರಾರ್ಥನೆ ಹೇಳೋಕೂ ಬಿಡ್ತಿರಲಿಲ್ಲ" ಎಂದೆ. ಸುಳ್ಳು. ಅವಳೇ ನನ್ನ ಜಪಮಾಲೆ ಹುಡುಕಿ ಕೈಗೆ ಕೊಟ್ಟಿದ್ದಳು.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಆ ಹುಡುಗಿ ಬಂದಳು. ರಟ್ಟಿನ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಂಡಿದ್ದಳು, ಅಮ್ಮನಷ್ಟೇ ಉದ್ದ, ಕಡ್ಡಿಯ ಹಾಗೆ ಸಣಕಲು. ಬರಬೇಡ ಎಂದು ಪಾಗೆಲ್ ಮಂಗಳವಾರ ಬರೆದ ಕಾಗದ ಅವಳಿಗೆ ಸಿಕ್ಕಿರಲೇ ಇಲ್ಲ. ಬಸ್ಸಿಳಿದು ಬೇಕರಿಯವನನ್ನು ಕೇಳಿದಳು: "ಸೂಲಗಿತ್ತಿ ಪಾಗೆಲ್ ಮನೆ ಎಲ್ಲಿ?" ಅವನು ಕಮ್ಮಾರನ ಮನೆ ತೋರಿಸಿದ. ಕಮ್ಮಾರ, "ಓ, ಅವರಾ, ಸ್ಮಶಾನದ ಹಿಂದಿನ ಮನೆ ಕಣಮ್ಮಾ" ಎಂದ. ಅಲ್ಲಿಂದ ಮೇಲಿನ ಗಿರಣಿಗೆ ಕಳಿಸಿದರು, ಗಿರಣಿಯಿಂದ ಮತ್ತೆ ಬೇಕರಿಗೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಹೆಂಗಸರು ಕಿಟಕಿಯಲ್ಲಿ ನಿಂತು ಈಗ ಎಲ್ಲಿಗೆ ಹೋದಳು ಎಂದು ನೋಡುತ್ತಿದ್ದರು. ಎರಡು ಗಂಟೆ ಹೀಗೇ ನಡೆಯಿತು. ಪಾಗೆಲ್ ಆಗ ಕಾಡಿನಂಚಿನ ಇದ್ದಿಲು ಸುಡುವವನ ಹೆಂಡತಿಯ ಹೆರಿಗೆಗೆ ಹೋಗಿದ್ದಳು. ಆ ಮನೆಯವರಿಗೆ ಊರಿನ ಮಾತಿನ ಗೊಡವೆ ಇರಲಿಲ್ಲ.

ಕೊನೆಗೆ ಹುಡುಗಿ ಕೆಮ್ಮುತ್ತ ನನ್ನ ಅಡುಗೆಮನೆ ಬಾಗಿಲಿಗೆ ಬಂದಳು.

"ಅಮ್ಮಾ, ಪಾಗೆಲ್ ಅಂತ... ಈ ಪಡಖಾನೆ ಅಟ್ಟದಲ್ಲಿ ಅಂತ ಬರೆದಿದ್ರು. ಎಲ್ಲರೂ ಬೇರೆ ಬೇರೆ ಕಡೆ ಹೇಳ್ತಿದ್ದಾರೆ."

"ಕೊಡು, ನೋಡೋಣ" ಎಂದು ಅವಳ ಕೈಯ ಕಾಗದ ತೆಗೆದುಕೊಂಡೆ. ಭಾನುವಾರ ನನ್ನ ಒಲೆಯ ಪಕ್ಕ ಬರೆದ ಅದೇ ಕಾಗದ. ಪೂರ್ತಿ ನೇರಳೆ.

"ಗುಡ್ರುನ್ ಮರೀ, ಇವತ್ತು ಎಲ್ಲರಿಗಿಂತ ಮೊದಲು ಹೋಗಿ ಮತ ಹಾಕಿದೆ. ಊರಿನವರು ಎಲ್ಲಿ ಹಾಕುತ್ತಾರೋ ಅಲ್ಲೇ ಹಾಕಿದೆ. ನಿಮ್ಮಪ್ಪ ಇದ್ದಿದ್ದರೆ ಬೈಯುತ್ತಿದ್ದರು, ಆದರೆ ಬಾಳುವುದು ಇವರ ಜೊತೆ ತಾನೇ. ಇನ್ನು ನಾವು ಇಲ್ಲಿಯವರು. ಇಲ್ಲಿಗೆ ಬರೆಯುವಷ್ಟರಲ್ಲಿ ಮನೆಯ ಯಜಮಾನಿ ಬಂದು ಮತ ಹಾಕುವುದಕ್ಕೆ ಪೆನ್ಸಿಲ್ ಇಸಿದುಕೊಂಡು ಹೋದಳು, ಈಗ ತಂದುಕೊಟ್ಟಳು. ಒಳ್ಳೆಯ ಹೆಂಗಸು, ಅವಳ ಪುಟ್ಟಿಯನ್ನು ನೀನು ಆಡಿಸುವೆಯಂತೆ. ಮಂಗಳವಾರ ಸಹಿ ಆಗುತ್ತದೆ. ಶನಿವಾರದ ಬಸ್ಸಿಗೆ ಬಾ."

ಎರಡು ಸಲ ಓದಿದೆ. ಒಲೆಯ ಮುಚ್ಚಳ ಸರಿಸಿ ಒಳಗೆ ಹಾಕಿದೆ.

"ಅದು ನಂದು! ಅಮ್ಮನ ಕಾಗದ ಅದು!" ಹುಡುಗಿ ಒಲೆಗೇ ಕೈ ಹಾಕಲು ಬಂದಳು. ನಾನು ಅವಳ ಮುಂಗೈ ಹಿಡಿದು ಬಾಗಿಲಿಗೆ ದಬ್ಬಿದೆ.

"ಆ ಹೆಸರಿನವಳು ಊರು ಬಿಟ್ಟು ಹೋಗಿ ಮೂರು ದಿನ ಆಯ್ತು. ಎಲ್ಲಿಗೆ ಹೋದ್ಲೋ ನಮಗೇನು ಗೊತ್ತು? ಹೊರಡು, ಬೆಳಕಿರೋವಾಗಲೇ ಹೆದ್ದಾರಿ ಸೇರ್ಕೋ."

ಅವಳು ಅಳುತ್ತ, ಪೆಟ್ಟಿಗೆ ಮೊಣಕಾಲಿಗೆ ಬಡಿಯುತ್ತ ಇಳಿಜಾರಿ​ನಲ್ಲಿ ಹೋದಳು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಒಬ್ಬರೂ ಕರೆಯಲಿಲ್ಲ. ಮೇಷ್ಟ್ರು ಮಾತ್ರ ಕಾಡಿನ ದಾರಿಗೆ ಓಡಿ ಪಾಗೆಲ್ ಬರುವುದನ್ನೇ ಕಾದು ನಿಂತರಂತೆ. ಹುಡುಗಿಯನ್ನು ನಿಲ್ಲಿಸುವ ಧೈರ್ಯ ಅವರಿಗೂ ಬರಲಿಲ್ಲ.

ಒಂದು ಗಂಟೆಯ ಮೇಲೆ ಪಾಗೆಲ್ ಬಾಗಿಲಲ್ಲಿ ನಿಂತಿದ್ದಳು. ಉಸಿರು ಕಟ್ಟಿತ್ತು, ಏಪ್ರನ್ ಮೇಲೆ ಹೆರಿಗೆಯ ರಕ್ತ ಇನ್ನೂ ಹಸಿಯಾಗಿತ್ತು.

"ನನ್ನ ಮಗಳು ಇಲ್ಲಿಗೆ ಬಂದಿದ್ಲಾ?"

"ಯಾವ ಮಗಳು?" ಎಂದೆ.

ಚೀಲವನ್ನು ನನ್ನ ಮೇಜಿನ ಮೇಲೆ ಬಿಟ್ಟು ಓಡಿದಳು. ಸಂಜೆ ಗಾಡಿಯವನೊಬ್ಬ ತಾಯಿ ಮಗಳಿಬ್ಬರೂ ಹೆದ್ದಾರಿಯ ಮೈಲಿಕಲ್ಲಿನ ಮೇಲೆ ಕೂತಿದ್ದನ್ನು ನೋಡಿದನಂತೆ. ಮತ್ತೆ ಈ ಊರಿಗೆ ಅವರು ಕಾಲಿಡಲಿಲ್ಲ. ಅವಳ ಎರಡು ಲಂಗಗಳೂ, ಒಂದು ತೋಳು ಬಾಕಿಯಿದ್ದ ಸ್ವೆಟರೂ ಅಟ್ಟದಲ್ಲೇ ಉಳಿದವು. ಚೀಲವನ್ನು ನಮ್ಮ ಮಲಗುವ ಕೋಣೆಯ ಬೀರುವಿನ ಮೇಲಕ್ಕೆ ಎಸೆದೆ.

ಮುಂದಿನ ಮಾರ್ಚಿಯಲ್ಲಿ ನನಗೆ ನಾಲ್ಕನೆಯದು. ಲೀಸೆಲಿನ ಹಾಗೇ ಕಾಲು ಮುಂದು. ಬೆರ್ಬಜ್ಜಿ ಬಂದಳು, ಸಾರಾಯಿ ಕುಡಿದು ಧೈರ್ಯ ತಂದುಕೊಂಡಳು, ಎಳೆದಳು. ನಾನು ಮಲಗಿದಲ್ಲಿಂದ ಬೀರುವಿನ ಮೇಲಿನ ಚೀಲ ಕಾಣುತ್ತಿತ್ತು. ಅದರೊಳಗಿನ ಸಾಮಾನು ಹಿಡಿಯಲು ಬರುವ ಕೈ ಈ ಊರಲ್ಲಿ ಇರಲಿಲ್ಲ. ಗಂಡುಮಗು. ಸಂಜೆ ಐದಕ್ಕೆ ಬಂದ, ಐದೂವರೆಗೆ ಹೋದ. ನಾನು ಯಾರಿಗೂ ಮುಟ್ಟಲು ಬಿಡಲಿಲ್ಲ. ಚೀಲ ಇಳಿಸಿ ಕೊಡಿ ಎಂದು ಕೂಗಿದೆ. ಮಾಥೆಸ್ ಇಳಿಸಿಕೊಟ್ಟ. ಪೆನ್ಸಿಲ್ ಅದರ ಪಕ್ಕದ ಜೇಬಿನಲ್ಲೇ ಇತ್ತು. ನೆಕ್ಕಿ, ಚೀಟಿಯಲ್ಲಿ ಹೊತ್ತು ಬರೆದು ಕೂಸಿನ ಬಟ್ಟೆಗೆ ಸಿಕ್ಕಿಸಿದೆ. ತಲೆ ಎತ್ತಿದಾಗ ಮಾಥೆಸ್ ನನ್ನ ತುಟಿಯನ್ನೇ ನೋಡುತ್ತಿದ್ದ.

ಇನ್ನು ಯಾವ ಹೆದರಿಕೆ? "ಆ ಮತ ನಂದು" ಎಂದೆ. "ಅವಳದ್ದಲ್ಲ ಕಣೋ. ನಂದು."

ಗಂಡನನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಕುರ್ಚಿ ಎಳೆದುಕೊಂಡು ಕೂತ.

"ಗೊತ್ತು. ಅವತ್ತು ಕಾಫಿ ತಂದಾಗಲೇ ನಿನ್ನ ನಾಲಿಗೆ ನೋಡಿದ್ದೆ. ಯಜಮಾನರೂ ನೋಡಿದ್ರು. ಆಮೇಲೆ ಇಬ್ರೂ ಮಾತಾಡ್ಕೊಂಡ್ವಿ. ಮತಗಟ್ಟೆ ಇಟ್ಟಿದ್ದ ಮನೇದೇ ಕೆಂಪು ಮತ ಅಂದ್ರೆ ಈ ಪಡಖಾನೆಗೆ ಯಾವನು ಬರ್ತಿದ್ದ? ಅವಳಾದ್ರೆ ಹೊರಗಿನವಳು, ಹೋದ್ರೆ ಹೋದ್ಲು."

ಸತ್ತ ಕೂಸು ನನ್ನ ತೊಡೆಯ ಮೇಲಿತ್ತು. ಆ ಸೋಮವಾರ ಪಾಗೆಲ್ ಕೇಳಿದ ಒಂದು ಮಾತು ಹೇಳಿದ್ದರೂ ನನಗೆ ಆಗುತ್ತಿದ್ದದ್ದು ಏನೂ ಇರಲಿಲ್ಲ. ಅವರು ಆಗಲೇ ನನ್ನನ್ನು ಉಳಿಸಿಯಾಗಿತ್ತು. ಹೊಗೆಕೊಳವೆ ಬಿಚ್ಚಿದ್ದು, ಕಾಗದ ಸುಟ್ಟಿದ್ದು, ಆ ಹುಡುಗಿಯ ಮುಂಗೈ ಹಿಡಿದು ದಬ್ಬಿದ್ದು, ಇದ್ಯಾವುದನ್ನೂ ನನ್ನಿಂದ ಯಾರೂ ಕೇಳಿರಲಿಲ್ಲ. ಅದೆಲ್ಲ ನನ್ನ ಸ್ವಂತದ್ದು.

ಐವತ್ತೈದರಲ್ಲಿ ಮತ್ತೆ ಚುನಾವಣೆ ಬಂತು. ಅದೇ ಹಜಾರ, ಅದೇ ಪರದೆ. ವಾದ್ಯದವರು ಈ ಸಲ ರಾತ್ರಿಯವರೆಗೆ ಬಾರಿಸಿದರು. ಖಾಲಿ ಮೊಳೆಗೆ ಚೌಕಟ್ಟು ಬಂತು, ಈಗಲೂ ಅಲ್ಲೇ ಇದೆ, ಪ್ರತಿ ಶನಿವಾರ ಅದರ ಗಾಜು ಒರೆಸುವವಳು ನಾನೇ. ಬಿದ್ದ ಮತ ನೂರ ಇಪ್ಪತ್ತಮೂರು, ಕರಿಯರಿಗೆ ನೂರ ಇಪ್ಪತ್ತಮೂರು. ಅದರಲ್ಲಿ ಒಂದು ನನ್ನದು.